ಹಿಂದಿನ ಎಡಗಡೆಯ ಸ್ಪೀಕರು

ಹೊಸ ಡಿಸ್ಕಿನ ಪಾರ್ಸೆಲ್ಲೂ ಹೆಂಡತಿಯ ಅಣ್ಣನೂ ಒಂದೇ ದಿನ ಮನೆಗೆ ಬಂದದ್ದೇ ಎಲ್ಲದಕ್ಕೂ ಮೂಲ.

ಕನ್ನಡಕದಂಗಡಿಯವನಿಗೆ ಬೀದಿಯಲ್ಲಿ 'ಸುತ್ತಮುತ್ತ' ಎಂದೇ ಹೆಸರು. ಹಾಡು ಮುಂದಿನಿಂದ ಮಾತ್ರ ಬಂದರೆ ಅರ್ಧ ಕೇಳಿದ ಹಾಗೆ, ಅದು ಸುತ್ತಮುತ್ತಲಿಂದ ಬರಬೇಕು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಗಳಿಸಿದ ಬಿರುದು ಅದು. ಅವನ ಮನೆಯ ಹಿಂದಿನ ಕೋಣೆಯಲ್ಲಿ ಮುಂದೆ ಮೂರು ಸ್ಪೀಕರು, ಹಿಂದೆ ಎರಡು, ನಡುವೆ ಒಂದೇ ಕುರ್ಚಿ. ಕುರ್ಚಿ ಕದಲಬಾರದೆಂದು ಅದರ ಕಾಲುಗಳ ಸುತ್ತ ಸೀಮೆಸುಣ್ಣದ ಗೆರೆ. ಹಿಂಗೋಡೆಯ ಕಪಾಟಿನ ತುಂಬ ಸುತ್ತುದನಿಯ ಡಿಸ್ಕುಗಳು. ಹೆಂಡತಿಯ ಹೊಲಿಗೆ ಮಷಿನ್ನು ಮಾತ್ರ ನಡುಮನೆಯ ದಾರಿಯಲ್ಲಿ ನಿಂತು, ಹೋಗಿ ಬರುವವರ ಮೊಣಕಾಲು ಜಜ್ಜುತ್ತಿತ್ತು.

"ರೀ, ಇವತ್ತೇ ತೀರ್ಮಾನ ಆಗ್ಲಿ," ಎಂದಳು ಹೆಂಡತಿ. "ಅಣ್ಣನನ್ನ ಆ ಕುರ್ಚೀಲಿ ಕೂರಿಸಿ ಹಾಕಿ. ರೇಡಿಯೋಗೂ ಇದಕ್ಕೂ ಏನಾದ್ರೂ ವ್ಯತ್ಯಾಸ ಇದೆ ಅಂತ ಅವನು ಹೇಳಿದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ನಾಳೆಯಿಂದ ನನ್ನ ಮಷಿನ್ ಅಲ್ಲಿಗೆ."

ಸುತ್ತಮುತ್ತ ಧೈರ್ಯವಾಗಿ ಒಪ್ಪಿಕೊಂಡ. ಗಿರಾಕಿಯ ಕಣ್ಣಿನ ಮುಂದೆ ಗಾಜು ಬದಲಿಸುತ್ತ "ಇದು ಚೆನ್ನಾಗಿದೆಯಾ, ಇದಾ?" ಎಂದು ಕೇಳಿ ಕೇಳಿ ಎಂಥ ಮೊಂಡರಿಂದಲೂ ಉತ್ತರ ಹೊರಡಿಸಿದವನು ಅವನು. ಬಸ್ ಕಂಡಕ್ಟರಾಗಿ ನಿವೃತ್ತನಾದ ಭಾವ ಅವನಿಗೆ ಯಾವ ಲೆಕ್ಕ. ಹೊಸ ಡಿಸ್ಕನ್ನು ತಾನೇ ಮೊದಲು ಕೇಳುವ ಸುಖವನ್ನು ಬಿಟ್ಟುಕೊಡಬೇಕಲ್ಲ ಎಂಬುದೊಂದೇ ಹೊಟ್ಟೆಯುರಿ.

ತಲೆನೋವು ಬೇರೆ ಕಡೆಯಿತ್ತು. ಸ್ವಲ್ಪ ಸದ್ದು ಏರಿದರೆ ಸಾಕು, ಮೇಲಿನ ಮನೆಯ ಅಜ್ಜಿ ಕೋಲಿನಿಂದ ನೆಲ ಕುಟ್ಟುತ್ತಿದ್ದರು. ಹಾಗಾಗಿ ಅವನೇ ಮೆಟ್ಟಿಲು ಹತ್ತಿ, "ಅಜ್ಜಿ, ಮೇಲೆ ಕೂತು ಕುಟ್ಟೋದಕ್ಕಿಂತ ಕೆಳಗೆ ಬಂದು ಒಂದ್ಸಲ ಕೇಳಿ," ಎಂದು ಕರೆದ. ಕರೆಯುವುದನ್ನೇ ಕಾಯುತ್ತಿದ್ದವರಂತೆ ಅಜ್ಜಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಇಳಿದುಬಂದರು. ಹಿಂದೆಯೇ ಎದುರುಮನೆಯ ಲೆಕ್ಕದ ಮೇಷ್ಟ್ರು, ಕರೆಯದಿದ್ದರೂ, ಸ್ಟೂಲು ಸಮೇತ ಬಂದರು. ಅವರು ಕಪಾಟಿನ ಹತ್ತಿರ ಜಾಗ ಹಿಡಿದು, ಸ್ಟೂಲನ್ನು ಎರಡು ಸಲ ಹಿಂದಕ್ಕೂ ಮುಂದಕ್ಕೂ ಎಳೆದು ಕೂತರು.

ಭಾವ ಕುರ್ಚಿಯಲ್ಲಿ ಕೂತ. ಡಿಸ್ಕು ತಿರುಗಿತು. ಹಿಂದಿನಿಂದ ಮೇಳದವರ ಹಾಡು ಅಲೆಯಂತೆ ಬರುತ್ತದೆ ಎಂದು ಅದರ ಹೊದಿಕೆಯ ಮೇಲೆ ಬರೆದಿತ್ತು. ಬಾಗಿಲಲ್ಲಿ ನಿಂತ ಸುತ್ತಮುತ್ತನಿಗೆ ಅಲ್ಲಿಂದ ಏನೂ ಸರಿಯಾಗಿ ಕೇಳದು. ಅವನು ಭಾವನ ಮುಖವನ್ನೇ ನೋಡುತ್ತಿದ್ದ.

"ಹೇಗಿದೆ ಭಾವ?"

"ನಮ್ಮ ಬಸ್ಸಿನ ಟೇಪೂ ಹೀಗೇ ಇತ್ತು," ಎಂದ ಭಾವ.

ಹೆಂಡತಿ ಆಗಲೇ ಅಳತೆಯ ಟೇಪು ತಂದು ಗೋಡೆ ಅಳೆಯತೊಡಗಿದಳು. ಅಷ್ಟರಲ್ಲಿ ಭಾವ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ.

"ಇರಿ ಇರಿ. ಹಿಂದುಗಡೆ, ಎಡಕ್ಕೆ, ನೀರು ತೊಟ್ಟಿಕ್ತಾ ಇದೆ."

"ಹೌದಪ್ಪ, ನಂಗೂ ಕೇಳ್ತಿದೆ," ಎಂದರು ಅಜ್ಜಿ.

ಹೊದಿಕೆಯ ಮೇಲೆ ನೀರಿನ ಸುದ್ದಿ ಇರಲಿಲ್ಲ. ಆದರೆ ದೊಡ್ಡ ಕಲಾವಿದರು ಎಲ್ಲವನ್ನೂ ಬರೆದಿಡುತ್ತಾರೆಯೇ. "ಅದೇ ಭಾವ ಅದರ ಗಮ್ಮತ್ತು," ಎಂದ ಸುತ್ತಮುತ್ತ, ಎದೆಯುಬ್ಬಿಸಿ. "ಹಾಡಿನ ದುಃಖವನ್ನ ನೀರಲ್ಲಿ ಹೇಳಿದ್ದಾರೆ."

"ಹಿಂದಿನ ಸೀಟಲ್ಲಿ ಟಿಕೆಟ್ ಇಲ್ಲದವನು ಕೆಮ್ಮಿದ್ರೂ ಹಿಡೀತಿದ್ದ ಕಿವಿ ಇದು," ಎಂದ ಭಾವ. "ನನಗೇ ಮೋಸ ಆಗೋ ಹಾಗಿದೆ. ನಿಜವಾದ ನೀರೇ ಅನ್ಬೇಕು. ತಂಗಿ, ಕೋಣೆ ಇವರಿಗೇ ಬಿಟ್ಬಿಡು."

ಸುತ್ತಮುತ್ತನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೆಲ್ಲಿಸಿಕೊಟ್ಟ ಎಡಗಡೆಯ ಸ್ಪೀಕರಿನ ಬೆನ್ನು ತಟ್ಟೋಣವೆಂದು ಹಿಂದಕ್ಕೆ ಹೋದ. ಅಲ್ಲಿ ಮೇಷ್ಟ್ರ ಸ್ಟೂಲಿನ ಕಾಲಿಗೆ ಸಿಕ್ಕಿ ಹಿಂದಿನ ಸ್ಪೀಕರುಗಳ ವೈರು ಕಿತ್ತುಬಂದಿತ್ತು. ಎರಡೂ ಮೊದಲಿನಿಂದಲೂ ಮೂಕವಾಗಿದ್ದವು. ಅವನು ಬಗ್ಗಿ ನೋಡುತ್ತಿದ್ದಂತೆ ಕತ್ತಿನ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ತಲೆಯೆತ್ತಿದರೆ, ಮೇಲಿನ ಅಜ್ಜಿಯ ಬಚ್ಚಲಿನ ನೇರಕ್ಕೆ ಚಾವಣಿ ಕಪ್ಪಾಗಿ ನೆನೆದು, ಡಿಸ್ಕುಗಳ ಕಪಾಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಬಾಯಿಬಿಟ್ಟರೆ ಕೋಣೆ ಹೋಯಿತು, ಬಿಡದಿದ್ದರೆ ಡಿಸ್ಕುಗಳು ಹೋದವು. ಅವನು ಮೆಲ್ಲಗೆ ಅಜ್ಜಿಯ ಪಕ್ಕ ಬಂದು, "ಮೇಲೆ ಏನೋ ಕೆಲಸ ಅರ್ಧಕ್ಕೆ ಬಿಟ್ಟು ಬಂದ ಹಾಗಿತ್ತು, ಹೋಗಿ ಬನ್ನಿ ಅಜ್ಜಿ," ಎಂದ.

"ನಂಗ್ಯಾವ ಕೆಲಸ. ನೀನೇ ಕರೆದೆ, ಮುಗಿಯೋವರೆಗೂ ಏಳಲ್ಲ."

ಕೊನೆಗೆ ಅವನು ವೈರನ್ನು ಗುಟ್ಟಾಗಿ ಸಿಕ್ಕಿಸಿದ. ನಿಜವಾದ ಹಾಡೇ ಕಿವಿ ತುಂಬಿದರೆ ನೀರನ್ನು ಮರೆತು, ತೃಪ್ತಿಪಟ್ಟು ಎಲ್ಲರೂ ಎದ್ದುಹೋಗಬಹುದು ಎಂಬ ಆಸೆ. ಹಿಂದಿನಿಂದ ಮೇಳದವರ ದನಿ ಅಲೆಯಂತೆಯೇ ಎದ್ದಿತು. ಅವನ ಮೈ ಜುಮ್ಮೆಂದಿತು. ಭಾವ ಮುಖ ಕಿವುಚಿದ.

"ಯಾರ್ರೀ ಅದು, ಹಿಂದೆ ಅರಚ್ತಿರೋದು? ನೀರೇ ಕೇಳಿಸ್ತಿಲ್ಲ. ತೆಗೀರಿ ಅದನ್ನ."

"ನೀರು ಸ್ವಲ್ಪ ಜಾಸ್ತಿ ಮಾಡಪ್ಪ," ಎಂದರು ಅಜ್ಜಿ.

ಸುತ್ತಮುತ್ತ ತನ್ನ ಕೈಯಾರೆ ವೈರು ಕಿತ್ತ. ಅಂಗಿ ಬಿಚ್ಚಿ ಕಪಾಟಿನ ಮೇಲೆ ಹೊದಿಸಿ, "ಸೆಕೆ," ಎಂದು ಎಲ್ಲರ ಕಡೆ ನಕ್ಕ. ಅಂಗಿಯ ಮೇಲೆ ಬಿದ್ದ ಹನಿ ಸದ್ದು ಮಾಡಲಿಲ್ಲ.

"ಅರೆ, ನಿಂತೇ ಹೋಯ್ತಲ್ಲ," ಎಂದ ಭಾವ. "ಇಷ್ಟೇನಾ? ಹಾಗಾದ್ರೆ ನಮ್ಮ ಟೇಪೇ ವಾಸಿ."

ಆಗ ಹೆಂಡತಿ ಒಳಗಿನಿಂದ ಸ್ಟೀಲಿನ ಬಕೆಟ್ಟು ತಂದು, ಗಂಡನ ಬೆನ್ನ ಹಿಂದೆ ಸದ್ದಿಲ್ಲದೆ ಅಂಗಿ ಸರಿಸಿ, ಕಪಾಟಿನ ಮೇಲಿಟ್ಟಳು. ಟಣ್ ಎಂದಿತು. ಮತ್ತೊಮ್ಮೆ ಟಣ್ ಎಂದಿತು.

"ಇದೇ, ಇದೇ," ಎಂದು ಭಾವ ಕಣ್ಣು ಮುಚ್ಚಿದ. "ಊಟದ ಹೊತ್ತಿನವರೆಗೂ ಹಾಕಿ."

ಸುತ್ತಮುತ್ತ ಕಣ್ಣಲ್ಲಿ ನೀರು ತಂದುಕೊಂಡು ಹೆಂಡತಿಯನ್ನು ನೋಡಿದ. ನನ್ನ ಮಾನ ಉಳಿಸಿದಳು, ಎಷ್ಟಾದರೂ ನನ್ನವಳು ಎಂದುಕೊಂಡ. ಅವಳು ಬಕೆಟ್ಟಿನ ಹಿಡಿ ಬಿಡದೆಯೇ ಅವನ ಕಿವಿಯ ಹತ್ತಿರ ಬಗ್ಗಿ, ಅಂಗಡಿಯಲ್ಲಿ ಅವನು ಗಿರಾಕಿಯನ್ನು ಕೇಳುವಷ್ಟೇ ಮೆತ್ತಗೆ ಕೇಳಿದಳು:

"ನನ್ನ ಮಷಿನ್ ಎಲ್ಲಿಟ್ರೆ ಚೆನ್ನಾಗಿರುತ್ತೆ? ಕಿಟಕಿ ಹತ್ರಾನಾ, ಕುರ್ಚಿ ಇರೋ ಜಾಗದಲ್ಲಾ?"

ಟಣ್ ಎಂದಿತು ಬಕೆಟ್ಟು.

"ಕಿಟಕಿ ಹತ್ರ," ಎಂದ ಸುತ್ತಮುತ್ತ.