ಸಿಟ್ಟಿಗೊಂದು ನೌಕರಿ

ಬೈಯಬೇಕೆನಿಸಿದಾಗ ಬಾಯಿ ಮುಚ್ಚಿಕೊಂಡು ದುಡಿಯುವುದು ಎಂಥ ಹಿಂಸೆ ಎಂಬುದು ಆ ಮನೆಯ ಸೊಸೆಗೆ ಕಂಪ್ಯೂಟರ್ ಬಂದ ಮೇಲೆಯೇ ಗೊತ್ತಾದದ್ದು.

ಗಂಡ ಬೀಗ ರಿಪೇರಿ ಮಾಡುವವನು. ಊರಿನ ಬೀಗಗಳನ್ನೆಲ್ಲ ತೆರೆಯಬಲ್ಲ ಆ ಮಹಾನುಭಾವನಿಗೆ ಮನೆಯಲ್ಲಿ ಬಾಯಿ ತೆರೆಯುವ ಧೈರ್ಯ ಮಾತ್ರ ಇರಲಿಲ್ಲ. ಯಾವುದೋ ಆಫೀಸಿನವರು ಎಸೆಯಲಿದ್ದ ಕಂಪ್ಯೂಟರನ್ನು ಅಗ್ಗಕ್ಕೆ ಹೊತ್ತು ತಂದು, ಒಲೆಯ ಪಕ್ಕದ ಮೇಜಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಹೇಳಿದ: "ನಮ್ಮಂಥ ಬಡ ದೇಶದೋರಿಗೂ ಈಗ ಇದರಲ್ಲೇ ಕೆಲಸ ಬರುತ್ತಂತೆ. ಮನೇಲಿ ಕೂತೇ ಮಾಡಬಹುದು."

"ಮನೇಲಿ ನಾನು ಯಾವತ್ತು ಕೂತಿದ್ದೆ?" ಎಂದಳು ಅವಳು.

ಆದರೂ ಕೆಲಸ ಸಿಕ್ಕಿತು. ಬಟ್ಟೆ ಒಗೆಯುವ ಯಂತ್ರ ಮಾರುವ ಕಂಪನಿಯೊಂದಕ್ಕೆ ಬರುವ ದೂರಿನ ಕರೆಗಳಿಗೆ ಉತ್ತರಿಸುವ ಕೆಲಸ. (ಅವಳ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರವೆಂದರೆ ಅವಳೇ.) ಗಿರಾಕಿ ಏನೇ ಅಂದರೂ "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಎನ್ನಬೇಕು. ಒಬ್ಬ ಯಂತ್ರದೊಳಗೆ ಬೂಟು ಹಾಕಿ ತಿರುಗಿಸಿ, ಬೂಟು ಹಾಳಾಯಿತೆಂದು ಬೈದ. ವಿಷಾದಿಸಿದಳು. ಇನ್ನೊಬ್ಬ ಪ್ಲಗ್ಗೇ ಹಾಕದೆ ಅವಳ ವಂಶವನ್ನೆಲ್ಲ ಜಾಲಾಡಿದ. ಇಡೀ ವಂಶದ ಪರವಾಗಿ ವಿಷಾದಿಸಿದಳು. ಹಗಲೆಲ್ಲ ನುಂಗಿದ ಸಿಟ್ಟು ಸಂಜೆ ಗಂಡನ ಮುಖ ಕಂಡೊಡನೆ ಹೊರಬೀಳುತ್ತಿತ್ತು. ಅವನು ಮಾತಾಡಿದರೆ ಅದೊಂದು ತಪ್ಪು, ಸುಮ್ಮನಿದ್ದರೆ ಇನ್ನೂ ದೊಡ್ಡ ತಪ್ಪು.

ಅತ್ತೆ ಮಾತ್ರ ಯಾವುದಕ್ಕೂ ಸೊಪ್ಪು ಹಾಕುವವರಲ್ಲ. ಸೊಸೆ ಕರೆಯಲ್ಲಿರುವಾಗಲೇ ಪಾತ್ರೆ ಕುಕ್ಕಿ, "ಅದ್ಯಾರ ಹತ್ರ ಅಷ್ಟು ನಯವಾಗಿ ಮಾತಾಡ್ತೀಯೇ? ನನ್ನ ಹತ್ರ ಒಂದು ದಿನ ಹಾಗೆ ಮಾತಾಡಿದ್ದುಂಟಾ?" ಎನ್ನುವರು.

ಒಂದು ಬೆಳಿಗ್ಗೆ ಒಬ್ಬ ಗಿರಾಕಿ ಬೈಗುಳವೆಲ್ಲ ಮುಗಿದ ಮೇಲೆ ತಣ್ಣಗೆ ಹೇಳಿದ: "ನಿಮ್ಮಂಥೋರು ಅಗ್ಗಕ್ಕೆ ಸಿಗ್ತೀರಿ ಅಂತ ಇಟ್ಕೊಂಡಿದ್ದಾರೆ. ಬುದ್ಧೀನೂ ಅಗ್ಗದ್ದೇ." ಅವಳು ವಿಷಾದಿಸಿದಳು. ಅವನು ಫೋನಿಟ್ಟ. ಅವಳು ತನ್ನ ದನಿ ಆಚೆ ಕೇಳಿಸದಂತೆ ಮಾಡುವ ಗುಂಡಿ ಒತ್ತಿದಳು. ಗುಂಡಿ ಒಳಗೆ ಹೋಯಿತು. ಹಳೆಯ ಕಂಪ್ಯೂಟರ್, ಅಷ್ಟೇ ಮಾಡಿತು.

"ಹಾಲು ಉಕ್ತಾ ಇದೆ, ಮಹಾರಾಣಿಗೆ ಕಾಣಲ್ವಾ?" ಎಂದರು ಅತ್ತೆ.

"ಕಾಣುತ್ತೆ. ಹಾಲು ಉಕ್ಕೋದು ಎಲ್ಲರಿಗೂ ಕಾಣುತ್ತೆ. ನಾನು ಉಕ್ತಾ ಇರೋದು ಮಾತ್ರ ಈ ಮನೇಲಿ ಯಾರ ಕಣ್ಣಿಗೂ ಬೀಳಲ್ಲ. ದಿನವಿಡೀ ಕಂಡೋರ ಕೈಲೆಲ್ಲ ಬೈಸ್ಕೊಂಡು ದುಡೀತೀನಿ, ಅದರ ಮೇಲೆ ನಿಮ್ಮದೂ ಬೇರೆ."

ಅತ್ತೆ ಸೆರಗು ಸಿಕ್ಕಿಸಿ ನಿಂತರು. ಆಮೇಲೆ ಹರಿದದ್ದು ವಾಗ್ಗಂಗೆ. ಸೊಸೆಯ ನಡಿಗೆ, ಅಡಿಗೆ, ಮಗನ ಸೊರಗಿದ ಮೈ, ಮನೆಯೊಳಗೆ ಬಂದು ಕೂತ ಆ ಡಬ್ಬ, ಯಾವುದನ್ನೂ ಬಿಡಲಿಲ್ಲ. ಉಸಿರು ತೆಗೆದುಕೊಳ್ಳಲು ಅವರು ನಿಂತಾಗ ಡಬ್ಬದೊಳಗಿಂದ ಯಾರೋ ಕೆಮ್ಮಿದರು.

"ನಾನು ನಿಮ್ಮ ಮೇಲ್ವಿಚಾರಕ. ನಿಮ್ಮ ಗುಂಡಿ ಕೆಲಸ ಮಾಡ್ತಿಲ್ಲ, ಆಗಿನಿಂದ ಕೇಳ್ತಾ ಇದ್ದೀನಿ."

ಸೊಸೆ ಡಬ್ಬದತ್ತ ಬಗ್ಗಿದಳು. "ಸಾರ್, ನಾನು..."

"ನೀವು ಇನ್ನೊಂದು ಸಲ ತರಬೇತಿಗೆ ಕೂರಬೇಕಮ್ಮ. ನಿಮ್ಮ ತಾಳ್ಮೆ ಸಾಲದು. ಅದಿರಲಿ, ಆ ಇನ್ನೊಂದು ದನಿ ಯಾರದು?"

"ನಮ್ಮತ್ತೇದು ಸಾರ್."

"ಅವರಿಗೆ ಬಿಡುವಿದೆಯಾ? ತರಬೇತೀಲಿ ಸಿಟ್ಟಿನ ಗಿರಾಕಿ ಪಾತ್ರ ಮಾಡೋರು ಬೇಕಿತ್ತು. ಬಂದೋರೆಲ್ಲ ನಟನೆ ಮಾಡ್ತಾರೆ. ಇವರದು ಅಪ್ಪಟ."

"ಬೈದ್ರೆ ಸಂಬಳಾನಾ?" ಅತ್ತೆ ಕೆನ್ನೆಗೆ ಕೈ ಹಚ್ಚಿದರು. "ಅಯ್ಯೋ, ಇಷ್ಟು ವರ್ಷ ಬಿಟ್ಟಿಯಾಗಿ ಕಳೆದುಬಿಟ್ನಲ್ಲಪ್ಪ."

ಮರುವಾರದಿಂದ ಕಂಪ್ಯೂಟರಿನ ಮುಂದಿನ ಕುರ್ಚಿ ಅತ್ತೆಯದಾಯಿತು. ತಲೆಗೆ ಹೆಡ್‌ಫೋನು, ಬೆನ್ನಿಗೆ ದಿಂಬು. ಸೊಸೆ, ಹೊಸ್ತಿಲಲ್ಲಿ ಬೀಗ ಬಿಚ್ಚುತ್ತ ಕೂತಿದ್ದ ಗಂಡನ ಮೊಬೈಲ್ ಹಿಡಿದು ಬಚ್ಚಲುಮನೆಯಲ್ಲಿ ಬಕೆಟ್ಟು ಬೋರಲು ಹಾಕಿ ಕೂತಳು. ತರಬೇತಿಯ ಮೊದಲ ಕರೆ ಬಂತು.

"ನಿಮ್ಮ ಯಂತ್ರ ತಂದು ನನ್ನ ಬಾಳು ಹಾಳಾಯ್ತು. ಬರೀ ಸದ್ದು, ಕೆಲಸ ಸೊನ್ನೆ," ಎಂಬ ಮಾತು ಅವಳಿಗೆ ಮೊಬೈಲಿನಿಂದ ಒಮ್ಮೆ, ಗೋಡೆಯಾಚೆಯಿಂದ ಒಮ್ಮೆ ಕೇಳಿಸಿತು.

ಅವಳು ಹಲ್ಲು ಕಚ್ಚಿಕೊಂಡು, "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಎಂದಳು.

ಗೋಡೆಯಾಚೆ ಕುರ್ಚಿ ಕಿರ್ರೆಂದಿತು. ಆಮೇಲೆ ಅತ್ತೆ ಬಹಳ ಮೆತ್ತಗೆ ಹೇಳಿದರು:

"ಇನ್ನೊಂದು ಸಲ ಹೇಳು. ಸ್ವಲ್ಪ ಜೋರಾಗಿ. ನನ್ನ ಮಗಾನೂ ಕೇಳಿಸ್ಕೊಳ್ಲಿ."