ನಡುಗದ ತಟ್ಟೆಯ ಎಲುಬು

ಎಲುಬಿನ ಜೊತೆ ಕೆಲಸ ಮಾಡುವವರಿಗೆ ದೆವ್ವದ ಭಯ ಇರುವುದಿಲ್ಲ ಅಂತ ಜನ ತಿಳಿದಿದ್ದಾರೆ. ಧಾರವಾಡದಿಂದ ಪುಣೆಗೆ ಬಂದು ಪಿಎಚ್‌ಡಿಗೆ ಸೇರಿ ನಾಲ್ಕು ವರ್ಷವಾಯಿತು. ಮೈ ಜುಂ ಅನ್ನಿಸುವಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ, ಪ್ರತಿ ಸಲ ಮರ್ಯಾದೆ ಹೋಗುವುದು ಮಾತ್ರ ನನ್ನದು.

೧. ಆಟೋದಲ್ಲಿ ಅಜ್ಜಿ

ಮೊಣಕಾಲಿನ ಆಪರೇಷನ್ನಿನಲ್ಲಿ ತೆಗೆದ ಎಲುಬಿನ ಚೂರನ್ನು ಆಸ್ಪತ್ರೆಯಿಂದ ತಂದು, ಅದರ ಜೀವಕೋಶಗಳನ್ನು ತಟ್ಟೆಗಳಲ್ಲಿ ಬೆಳೆಸುವುದು ನನ್ನ ಕೆಲಸ. ಒಂದು ದಿನ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಧನಕವಡಿಯಲ್ಲಿ ಆಟೋ ಹತ್ತಿದೆ. ಡಬ್ಬಿಯಲ್ಲಿ ಏನು ಅಂತ ಆಟೋದವನು ಮರಾಠಿಯಲ್ಲಿ ಕೇಳಿದ. ಎಲುಬು ಅಂದೆ. ಯಾರದು? ಒಬ್ಬ ಅಜ್ಜಿಯದು. ತೀರಿಕೊಂಡರಾ? ಇಲ್ಲಪ್ಪ, ಆಸ್ಪತ್ರೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾರೆ. ಮತ್ತೆ ಈ ಎಲುಬು? ಇದೂ ಜೀವಂತ ಇದೆ, ಇನ್ನು ಮೇಲೆ ನನ್ನ ಹತ್ತಿರ ಬೆಳೆಯುತ್ತದೆ.

ಅವನು ಆಟೋ ಬದಿಗೆ ನಿಲ್ಲಿಸಿದ. ಇಳಿದು, ಚಪ್ಪಲಿ ಬಿಟ್ಟು, ಡಬ್ಬಿಗೆ ಕೈಮುಗಿದ. ಬಾಡಿಗೆ ಬೇಡ, ಅಜ್ಜಿಯನ್ನು ಕರೆದುಕೊಂಡು ಬೇರೆ ಆಟೋ ಹತ್ತಿ ಅಂದ.

೨. ಖಾಲಿ ಕೋಣೆ

ತಟ್ಟೆಗಳಲ್ಲಿ ಎರಡು ಗುಂಪು. ಒಂದನ್ನು ದಿನಾ ಅರ್ಧ ತಾಸು ನಡುಗುವ ಯಂತ್ರದ ಮೇಲಿಡುತ್ತೇನೆ. ಆ ನಡುಕ ಕಣ್ಣಿಗೆ ಕಾಣುವುದಿಲ್ಲ, ಅಂಗೈ ಇಟ್ಟರೆ ಇರುವೆ ಹರಿದಂತಾಗುತ್ತದೆ. ಇನ್ನೊಂದನ್ನು ಅಲುಗಿಸದೆ ಬೆಚ್ಚನೆಯ ಕಪಾಟಿನಲ್ಲಿ ಬಿಡುತ್ತೇನೆ. ನಡುಗಿದ ಕೋಶಗಳು ಹೆಚ್ಚು ಎಲುಬು ಕಟ್ಟಬೇಕು, ಇದು ನನ್ನ ವಾದ. ಕೊನೆಗೆ ಬಣ್ಣ ಹಾಕಿದರೆ ಎಲುಬು ಕಟ್ಟಿದಲ್ಲೆಲ್ಲ ಕೆಂಪಾಗುತ್ತದೆ.

ಎರಡು ಸಲ ಮಾಡಿದೆ. ಎರಡೂ ಸಲ ಅಲುಗದ ತಟ್ಟೆಯೂ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಸಾಲದ್ದಕ್ಕೆ, ಮಧ್ಯಾಹ್ನ ಊಟ ಮುಗಿಸಿ ಬಂದರೆ ಆ ತಟ್ಟೆಗಳ ಡಬ್ಬಿ ಬೆರಳಷ್ಟು ಸರಿದಿರುತ್ತಿತ್ತು. ಕೋಣೆಯಲ್ಲಿ ನರಪಿಳ್ಳೆ ಇಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ನನ್ನ ಗೈಡ್ ಬೆಳಗಾವಿಯವರು. ಇದೇ ಕೋಣೆಯಲ್ಲಿ, ಇದೇ ವಿಷಯಕ್ಕೆ ಡಾಕ್ಟರೇಟ್ ಪಡೆದವರು. ನಡುಗಿಸಿದರೂ ಬಿಟ್ಟರೂ ಏನೂ ವ್ಯತ್ಯಾಸವಿಲ್ಲ ಅನ್ನುವುದು ಅವರ ಪ್ರಬಂಧದ ಸಾರ.

"ನಾ ಮೊದಲ ಹೇಳಿದ್ನಿಲ್ಲ? ಮೂರನೇ ಸಲಾನೂ ಹಿಂಗ ಬಂದ್ರ ಈ ವಿಷಯಾ ಬಿಟ್ಟುಬಿಡ್ರಿ. ಹೊಸಾದು ಶುರು ಮಾಡೋಣು" ಅಂದರು.

ನಾಲ್ಕು ವರ್ಷ ನೀರಲ್ಲಿ ಹೋಮ! ಊರಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಕಪಾಟಿಗೆ ಒಂದು ನಿಂಬೆಹಣ್ಣು ಕಟ್ಟು ಅಂದಳು ಅವ್ವ. ಹೋಗುವ ಮಾನ ಹೇಗೂ ಹೋಗಿದೆ ಅಂತ ಕಟ್ಟಿಯೂ ಬಿಟ್ಟೆ. ಮರುದಿನ ಸರ್ ಅದನ್ನು ಬಹಳ ಹೊತ್ತು ನೋಡಿದರು.

"ಪ್ರಬಂಧದಾಗ ಇದನ್ನೂ ಬರೀತೀರೇನ್ರಿ?"

೩. ಜೋಗುಳ

ಮೂರನೇ ಸಲ ಊಟಕ್ಕೆ ಹೋಗಲಿಲ್ಲ. ಮೈಕ್ರೋಸ್ಕೋಪಿನ ಕಪ್ಪು ಪರದೆಯ ಹಿಂದೆ ಉಸಿರು ಬಿಗಿಹಿಡಿದು ಕೂತೆ. ಒಮ್ಮೆಲೇ ದೀಪ ಆರಿತು. ಕಪಾಟಿನ ಬಾಗಿಲು ಕಿರ್ರೆಂದಿತು. ಆಮೇಲೆ ಕತ್ತಲಲ್ಲಿ ಹೆಣ್ಣು ದನಿಯೊಂದು ಸಣ್ಣಗೆ ಜೋಗುಳ ಹಾಡತೊಡಗಿತು. ನನ್ನ ಎಲುಬುಗಳು ಯಂತ್ರವಿಲ್ಲದೆಯೇ ನಡುಗಿದವು.

ಧೈರ್ಯ ಮಾಡಿ ಪರದೆ ಸರಿಸಿ ದೀಪ ಹಾಕಿದೆ. ದಿನಾ ನೆಲ ಒರೆಸಲು ಬರುವ, ನಾವೆಲ್ಲ ಮಾವಶಿ ಅಂದರೆ ಚಿಕ್ಕಮ್ಮ ಅಂತ ಕರೆಯುವ, ಸೊಲ್ಲಾಪುರದ ಕಡೆಯ ವಯಸ್ಸಾದ ಹೆಂಗಸು, ಅಲುಗಬಾರದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತೂಗುತ್ತಿದ್ದಳು.

"ಮಾವಶೀ! ಏನ್ ಮಾಡಾಕತ್ತೀರಿ?"

"ಇನ್ನೇನ್ ಮಾಡ್ಲಿ ಯವ್ವಾ? ಎರಡೂ ಒಂದ ಅಜ್ಜಿ ಎಲುಬು ಅಂತ ನೀನ ಹೇಳೀದಿ. ಒಂದನ್ನ ದಿನಾ ಆಡಸ್ತಿ, ಇನ್ನೊಂದನ್ನ ಮೂಲ್ಯಾಗ ಇಟ್ಟು ಹೋಗ್ತಿ. ಹಿಂಗ ಭೇದ ಮಾಡಿದ್ರ ದೇವರು ಮೆಚ್ಚತಾನೇನು? ನಿದ್ದಿ ಹತ್ತಲಿ ಅಂತ ದೀಪಾನೂ ನಾನ ಆರಸ್ತೀನಿ."

ಸಿಟ್ಟಿಗಿಂತ ಮೊದಲು ನನಗೆ ಅಳು ಬಂತು, ಸಂತೋಷಕ್ಕೆ. ದೆವ್ವ ಇಲ್ಲ, ತಪ್ಪು ನನ್ನದಲ್ಲ, ವಿಷಯ ಬಿಡಬೇಕಾಗಿಲ್ಲ. ಓಡಿಹೋಗಿ ಸರ್ ಅವರನ್ನು ಕರೆತಂದೆ. ಅವರು ಕೆಂಡವಾದರು.

"ಏನ್ ಮಾವಶಿ ಇದು! ಪಾಪ, ಈಕಿ ನಾಕು ವರ್ಷದ ಕೆಲಸ ಹಾಳಾತಲ್ರಿ! ಯಾವಾಗಿಂದ ನಡಸೀರಿ ಇದನ್ನ?"

ಮಾವಶಿ ಡಬ್ಬಿಯನ್ನು ಮೆಲ್ಲಗೆ ಕಪಾಟಿನೊಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ನೀವು ಇಲ್ಲಿ ಕಲಿಯಾಕ ಬಂದಾಗಿಂದ್ರಿ, ಸಾಹೇಬರ. ನಿಮ್ಮವೂ ಒಂದೂ ಬಿಟ್ಟಿಲ್ಲ, ಎಲ್ಲಾ ತೂಗೇನಿ."