ಭಾವನ ಅಂಗೈಗೆ ಸಿಗದ ಡಿಸ್ಕು

ನಮ್ಮ ಭಾವನಿಗೆ ಕಿವಿ ಇರುವುದು ಅಂಗೈಯಲ್ಲಿ. ನಗಬೇಡಿ, ಬೇಕಾದರೆ ದೊಡ್ಡಬಳ್ಳಾಪುರಕ್ಕೆ ಬನ್ನಿ, ತೋರಿಸುತ್ತೇನೆ! ತಲೆಯ ಅಕ್ಕಪಕ್ಕದಲ್ಲಿ ನಮಗೆಲ್ಲ ಇರುವಂಥವೇ ಎರಡು ಇವೆ. ಆದರೆ ಅವು ಕನ್ನಡಕ ಸಿಕ್ಕಿಸಿಕೊಳ್ಳುವುದಕ್ಕೆ ಮಾತ್ರ. ಮೂವತ್ತು ವರ್ಷ ಮನೆಯಲ್ಲೇ ನಾಲ್ಕು ಪವರ್‌ಲೂಮುಗಳ ನಡುವೆ ನಿಂತವರಿಗೆ ಕಿವಿ ಉಳಿಯುವುದುಂಟೆ? ಡಾಕ್ಟರು ಕೊಡಿಸಿದ ಕಿವಿಯ ಮಿಷನ್ನು ಬೀರುವಿನಲ್ಲಿ ಅಕ್ಕನ ರೇಷ್ಮೆ ಸೀರೆಗಳ ಜೊತೆ ಸುಖವಾಗಿ ಮಲಗಿದೆ. ಹಾಕಿಕೊಂಡರೆ ಬರೀ ಗುಂಯ್ ಅನ್ನುತ್ತದಂತೆ.

ಮಗ್ಗ ನೆಟ್ಟಗೆ ಓಡುತ್ತಿದೆಯೇ ಎಂದು ತಿಳಿಯಲು ಭಾವ ಅದರ ಮೇಲೆ ಅಂಗೈ ಊರುತ್ತಾರೆ. "ಬಲಗಡೆ ಬೋಲ್ಟು ಸಡಿಲ ಆಗಿದೆ" ಅನ್ನುತ್ತಾರೆ. ಆಗಿರುತ್ತದೆ! ಮಿಕ್ಸಿ, ನೀರಿನ ಮೋಟಾರು, ನನ್ನ ಸ್ಕೂಟರು, ಎಲ್ಲಕ್ಕೂ ಅದೇ ಪರೀಕ್ಷೆ. ಒಮ್ಮೆ ಫ್ರಿಜ್ಜಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ನಿಂತಿದ್ದ ಭಾವನನ್ನು ನೋಡಿ, ಮನೆಗೆ ಬಂದಿದ್ದ ನೆಂಟರೊಬ್ಬರು ತಾವೂ ಭಕ್ತಿಯಿಂದ ಕೈ ಮುಗಿದು ನಿಂತಿದ್ದರು.

ಮಗ್ಗದ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲವಾದ್ದರಿಂದ ತುಟಿ ನೋಡಿಯೇ ಮಾತು ಹಿಡಿಯುವುದು ಅಲ್ಲಿ ಕೆಲಸ ಮಾಡುವವರಿಗೆ ರೂಢಿ. ಅದರಲ್ಲಿ ಭಾವ ಎತ್ತಿದ ಕೈ. ಸೂಲಿಬೆಲೆಯ ಮದುವೆಯೊಂದರಲ್ಲಿ ಎದುರು ಪಂಕ್ತಿಯ ತುದಿಯಲ್ಲಿ ಗಂಡಿನ ಕಡೆಯವರು ಪಿಸುಗುಟ್ಟಿದ್ದನ್ನು ಕೂತಲ್ಲಿಂದಲೇ ಓದಿ, "ಹೋಳಿಗೆ ಹಲಗೆ ಥರ ಇದೆ ಅಂತಿದಾರೆ ಕಣೇ" ಎಂದು ಅಕ್ಕನಿಗೆ ಗುಟ್ಟಾಗಿ ಹೇಳಿದರು. ಕಿವಿ ಕೇಳದವರ ಗುಟ್ಟು ಎಷ್ಟು ಗಟ್ಟಿಯಿರುತ್ತದೆ ಗೊತ್ತಲ್ಲ! ಇಡೀ ಛತ್ರ ಕೈ ತುತ್ತು ಕೈಯಲ್ಲೇ ಹಿಡಿದು ತಿರುಗಿತು. ಅಕ್ಕ ಪಾಯಸಕ್ಕೂ ಕಾಯದೆ ಎದ್ದು ಬಂದಳು.

ಹಾಗಾಗಿ ಭಾವನ ಜೊತೆ ಮಾತಾಡಲು ಕೂಗಬೇಕಿಲ್ಲ, ಎದುರಿಗೆ ನಿಂತರಾಯಿತು. ಬೆನ್ನು ತಿರುಗಿಸಿದ್ದರೆ ಮಾತ್ರ ಕಷ್ಟ. ಅಕ್ಕ ಊಟಕ್ಕೆ ಕರೆಯಬೇಕಾದರೆ ಅವರ ಕೋಣೆಯ ಲೈಟನ್ನು ಎರಡು ಸಲ ಆರಿಸಿ ಹಾಕುತ್ತಾಳೆ. ಮೊದಲೆಲ್ಲ ಅಡುಗೆಮನೆಯಿಂದಲೇ ರಾಗವಾಗಿ ಕೂಗುತ್ತಿದ್ದಳು. ಈಗ ಕೇಳಿದರೆ, "ಯಾರಿಗಂತ ಗಂಟಲು ಹರ್ಕೊಳ್ಳಲಿ?" ಅನ್ನುತ್ತಾಳೆ.

ಭಾವ ಸೀರೆಯ ಅಂಚು, ಸೆರಗಿನ ಡಿಸೈನುಗಳನ್ನು ಬರೆಯುವುದು ಒಂದು ಹಳೇ ಕಂಪ್ಯೂಟರಿನಲ್ಲಿ. ಕಳೆದ ತಿಂಗಳು ಒಂದು ದಿನ ಅದರ ಡಬ್ಬದ ಮೇಲೆ ಅಂಗೈ ಇಟ್ಟು, "ಇದರ ಡಿಸ್ಕು ಎಡವ್ತಿದೆ. ಜಾಸ್ತಿ ದಿನ ಇಲ್ಲ" ಎಂದರು. ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿತ್ತು, ಎಲ್ಲರೂ ನಕ್ಕೆವು. ಮಾರನೆಯ ದಿನ ಅದು ಏಳುವುದಕ್ಕೇ ಅರ್ಧ ಗಂಟೆ ತೆಗೆದುಕೊಂಡಿತು. ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬೇರೆ.

ಅಕ್ಕನಿಂದ ನನಗೆ ಫೋನ್ ಬಂತು. ನಾನೇನು ಕಂಪ್ಯೂಟರ್ ಓದಿದವಳಲ್ಲ. ಸೋಂಪುರದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಗೇಟ್ ಪಾಸ್ ಮಾಡಿಕೊಡುತ್ತೇನೆ, ಅಷ್ಟೇ. ಬಸ್ಸಿನಲ್ಲಿ ಕೂತು ಓಡಾಡುವವರಿಗೆಲ್ಲ ಬಸ್ ರಿಪೇರಿ ಬರುತ್ತದೆಯೇ? ಇದನ್ನು ನಮ್ಮ ಮನೆಯವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ಭಾನುವಾರ ಬೆಳಿಗ್ಗೆ ಹೋದಾಗ ಭಾವ ಹೊಸ ಎಸ್‌ಎಸ್‌ಡಿ ತಂದಿಟ್ಟುಕೊಂಡಿದ್ದರು. ತಿರುಗುವ ತಟ್ಟೆಯೇ ಇಲ್ಲದ ಹೊಸ ಕಾಲದ ಡಿಸ್ಕು ಅದು. ಹಳೆಯದು ಕಣ್ಣು ಮುಚ್ಚುವ ಮೊದಲು ಅದರಲ್ಲಿರುವುದನ್ನೆಲ್ಲ ಇದಕ್ಕೆ ಸಾಗಿಸಬೇಕು.

"ಡಿಸೈನು ಹೋದ್ರೆ ಹೋಗ್ಲಿ ಕಣಮ್ಮ, ಮತ್ತೆ ಬರ್ಕೋತೀನಿ. 'ಮನೆ' ಅಂತ ಒಂದು ಫೋಲ್ಡರ್ ಇದೆ. ಅದೊಂದು ಉಳಿಸ್ಕೊಡು."

"ಅದರಲ್ಲಿ ಏನಿದೆ ಭಾವ?"

ಭಾವ ಕಿಟಕಿಯ ಕಡೆ ನೋಡತೊಡಗಿದರು. ತುಟಿ ಓದುವವರಿಗೆ ಇದೊಂದು ಸುಖ. ಬೇಡದ ಪ್ರಶ್ನೆ ಬಂದರೆ ಮುಖ ತಿರುಗಿಸಿದರೆ ಮುಗಿಯಿತು! ಬಾಗಿಲಲ್ಲಿ ನಿಂತಿದ್ದ ಅಕ್ಕ, "ಯಾವಳ ಫೋಟೋ ಬಚ್ಚಿಟ್ಕೊಂಡಿದಾರೋ" ಎಂದು ಸೌಟು ಹಿಡಿದು ಒಳಗೆ ಹೋದಳು. ಅರ್ಧ ತಮಾಷೆ, ಅರ್ಧ ಅಲ್ಲ.

ಅಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಸುದ್ದಿ ಕೊಟ್ಟರು. ಲೈನ್ ಕೆಲಸವಂತೆ, ಎರಡು ಗಂಟೆಗೆ ಕರೆಂಟ್ ತೆಗೆಯುತ್ತಾರಂತೆ. ಅರ್ಧ ಸಾಗಿಸಿರುವಾಗ ಈ ಡಿಸ್ಕು ನಿಂತರೆ ಮತ್ತೆ ಏಳುತ್ತದೆಂದು ಯಾವ ಧೈರ್ಯದ ಮೇಲೆ ಹೇಳಲಿ?

ಡಬ್ಬ ಬಿಚ್ಚಿ ಹೊಸದನ್ನು ಸಿಕ್ಕಿಸಿದೆ. ಕಂಪ್ಯೂಟರ್ ಹೇಗೋ ತೆವಳಿಕೊಂಡು ಎದ್ದಿತು. ಆದರೆ ಹೊಸ ಡಿಸ್ಕಿನ ಸುಳಿವೇ ಇಲ್ಲ! ವೈರು ಬಿಚ್ಚಿ ಹಾಕಿದೆ, ಜಾಗ ಬದಲಿಸಿದೆ, ಊದಿದೆ. ಊಹೂಂ. ಭಾವ ಅದರ ಮೇಲೆ ಅಂಗೈ ಇಟ್ಟರು.

"ಜೀವ ಇಲ್ಲ ಇದರಲ್ಲಿ."

"ಭಾವ, ಇದರೊಳಗೆ ತಿರುಗೋದು ಏನೂ ಇಲ್ಲ. ಇದು ಅಲ್ಲಾಡೋದೇ ಇಲ್ಲ."

"ಅಲ್ಲಾಡ್ದೆ ಇರೋದು ಎಂಥಾ ಮಿಷನ್ನಮ್ಮ?" ಎಂದವರೇ ಅದನ್ನು ಕಿತ್ತುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೊರಟುಬಿಟ್ಟರು. ಬದಲಿ ಡಿಸ್ಕು ತಂದರು. ಅದರದ್ದೂ ಅದೇ ಕಥೆ. ಅಂಗೈ ಇಟ್ಟರು, "ಇದೂ ಸತ್ತಿದೆ" ಎಂದು ಮತ್ತೆ ಹೊರಟರು! ಮೂರನೆಯದನ್ನು ಹಿಡಿದು ಬರುವ ಹೊತ್ತಿಗೆ ಹನ್ನೆರಡೂವರೆ.

ಅದೂ ಕಾಣಿಸದಿದ್ದಾಗ ನನಗೆ ರೇಗಿಹೋಯಿತು. ಅಂಗಡಿಯವನಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ.

"ಅಕ್ಕಾ, ಮೂರೂ ಚೆನ್ನಾಗೇ ಇವೆ" ಎಂದ ಅವನು ಅಳುವ ದನಿಯಲ್ಲಿ. "ಹೊಸಾ ಡಿಸ್ಕನ್ನ ಮೊದಲು ಫಾರ್ಮ್ಯಾಟ್ ಮಾಡ್ಕೋಬೇಕು, ಆಮೇಲೇ ಕಾಣ್ಸೋದು. ಎರಡು ಸಲಾನೂ ಹೇಳ್ದೆ, ಅಣ್ಣ ಆಗಲೇ ಮೆಟ್ಟಿಲು ಇಳೀತಿದ್ರು. ಇನ್ನೊಂದ್ಸಲ ಬಂದ್ರೆ ನಾನೇ ನಿಮ್ಮನೆಗೆ ಬಂದು ಡಬ್ಬದೊಳಗೆ ಕೂತು ಅಲ್ಲಾಡ್ತೀನಿ!"

ಎಲ್ಲಿಗೆ ಹೋಗಿ ಏನು ಒತ್ತಬೇಕೆಂದು ಹೇಳಿ ಫೋನಿಟ್ಟ. ಅದನ್ನೇ ಭಾವನಿಗೆ ಹೇಳಿದೆ. ಅವರ ಮುಖ ಅರಳಿತು.

"ಹಾಗನ್ನು! ಹೊಸಾ ಮಗ್ಗ ತಂದಿಟ್ಟ ತಕ್ಷಣ ಸೀರೆ ಬರುತ್ತಾ? ಹಾಸು ಕಟ್ಟಬೇಕಲ್ಲ!"

ನೇಯುವ ಮೊದಲು ಮಗ್ಗಕ್ಕೆ ಉದ್ದೆಳೆಗಳನ್ನು ಕಟ್ಟುತ್ತಾರಲ್ಲ, ಅದೇ ಹಾಸು. ಮೂರು ಗಂಟೆ ಹೊತ್ತು ನಾನು ಒದ್ದಾಡಿದ್ದು ಇವರಿಗೆ ಒಂದು ಮಾತಿನಲ್ಲಿ ಅರ್ಥವಾಗಿಹೋಯಿತು!

ಅಂಗಡಿಯವನು ಹೇಳಿದ ಜಾಗಕ್ಕೆ ಹೋದೆ. ಎರಡು ಡಿಸ್ಕುಗಳಿಗೆ ಎರಡು ಪಟ್ಟಿ ಬಂದವು, ಒಂದು ನೀಲಿ, ಒಂದು ಕಪ್ಪು. ಅಳತೆಯೋ, ಹೆಚ್ಚುಕಡಿಮೆ ಒಂದೇ. ಹೊಸದು ಯಾವುದು, ಹಳೆಯದು ಯಾವುದು? ತಪ್ಪಿ ಹಳೆಯದನ್ನು ಫಾರ್ಮ್ಯಾಟ್ ಮಾಡಿದರೆ 'ಮನೆ' ಅಳಿಸಿಹೋಗುತ್ತದೆ. ಅಂಗಡಿಗೆ ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಮತ್ತೆ ಅಣ್ಣ ಬರುತ್ತಾರೆಂದು ಹೆದರಿದನೋ ಏನೋ! ಗಂಟೆ ಒಂದೂಕಾಲು.

ಭಾವ ಪರದೆಗೆ ಮೂಗು ತಾಗಿಸಿ ನೋಡಿದರು. "ಕರೀದಕ್ಕೆ ಹೆಸರೇ ಬರೆದಿಲ್ಲ. ಅದೇ ಖಾಲಿ ಮಗ್ಗ. ಒತ್ತು."

"ತಪ್ಪಾದ್ರೆ ಭಾವ?"

"ನಿನ್ನ ಬೈಯಲ್ಲ ಕಣಮ್ಮ. ಒತ್ತು."

ಹಾಗೆಂದರೇ ಹೊರತು ತಾವೇ ಪರದೆಯಿಂದ ಮುಖ ತಿರುಗಿಸಿದರು. ಕಣ್ಣು ಮುಚ್ಚಿ ಒತ್ತಿದೆ.

ಹೊಸ ಡಿಸ್ಕು ಕಾಣಿಸಿಕೊಂಡಿತು! ಹಳೆಯದೂ ಹಾಗೇ ಇತ್ತು! 'ಮನೆ'ಯನ್ನು ಎಳೆದು ಹೊಸದಕ್ಕೆ ಹಾಕಿದೆ. ಹಸಿರು ಗೆರೆ ಇಷ್ಟಿಷ್ಟೇ ಸರಿಯತೊಡಗಿತು. ಭಾವ ಅಂಗೈ ಒತ್ತಿ ಹಿಡಿದು, ಹೆರಿಗೆ ಕೋಣೆಯ ಹೊರಗೆ ನಿಂತವರಿಗೆ ಸುದ್ದಿ ಕೊಡುವ ನರ್ಸಿನ ಹಾಗೆ ಹೇಳುತ್ತಲೇ ಇದ್ದರು. "ಓಡ್ತಿದೆ... ಓಡ್ತಿದೆ... ಎಡವ್ತು... ಎದ್ದಿತು, ಎದ್ದಿತು."

ಮುಕ್ಕಾಲು ಭಾಗ ದಾಟಿದ ಮೇಲೆ ಗೆರೆ ನಿಂತೇಬಿಟ್ಟಿತು. ಎರಡು ಗಂಟೆಗೆ ಇನ್ನು ಹತ್ತೇ ನಿಮಿಷ. ನಾನು ಏನಾದರೂ ಒತ್ತಲು ಹೋದೆ.

"ಮುಟ್ಟಬೇಡ" ಎಂದರು ಭಾವ. "ಇನ್ನೂ ಉಸಿರಿದೆ. ಕಾಯಿ."

ಕಾದೆವು. ಅದು ಅಲ್ಲಾಡಿತು, ಕುಂಟಿತು, ಕೊನೆಗೆ ಮುಗಿಸಿತು.

ನೆಟ್ಟಗೆ ಬಂದಿದೆಯೇ ನೋಡೋಣವೆಂದು ಹೊಸ ಡಿಸ್ಕಿನಲ್ಲಿ ಆ ಫೋಲ್ಡರ್ ತೆರೆದೆ. ಫೋಟೋ ಒಂದೂ ಇಲ್ಲ. ಎಲ್ಲ ರೆಕಾರ್ಡಿಂಗು, ಒಂದೊಂದಕ್ಕೂ ಹೆಸರು. 'ಕುಕ್ಕರ್'. 'ನಾಲ್ಕೂ ಮಗ್ಗ'. 'ಗೇಟು'. 'ಇವಳು ಬೈಯೋದು'. 'ಇವಳು ಊಟಕ್ಕೆ ಕರೆಯೋದು'.

ಕೊನೆಯದನ್ನು ಒತ್ತಿದೆ. "ರೀ... ಊಟಕ್ಕೆ ಬನ್ರೀ... ಸಾರು ಆರೋಗುತ್ತೇ..." ಅಕ್ಕನ ದನಿ! ಎಂಟು ಹತ್ತು ವರ್ಷ ಹಿಂದಿನ, ರಾಗ ಎಳೆದು ಕೂಗುತ್ತಿದ್ದ ಅದೇ ದನಿ. ಒಳಗಿನಿಂದ ಅಕ್ಕ ಸೌಟಿನ ಸಮೇತ ಓಡಿ ಬಂದಳು.

ಭಾವ ಕಣ್ಣು ಮುಚ್ಚಿ ಸ್ಪೀಕರಿನ ಮೇಲೆ ಅಂಗೈ ಇಟ್ಟು ನಿಂತಿದ್ದರು. ಕಣ್ಣು ಬಿಟ್ಟಾಗ ಎದುರಿಗೆ ಅಕ್ಕ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ತೊದಲಿದರು. "ಆವಾಗ ಡಾಕ್ಟ್ರು ಹೇಳಿದ್ರಲ್ಲ, ಇನ್ನು ಸ್ವಲ್ಪ ದಿನ ಅಷ್ಟೇ ಕೇಳ್ಸೋದು ಅಂತ. ಅದಕ್ಕೇ ಹಿಡಿದಿಟ್ಕೊಂಡೆ. ಮಗ್ಗ ಓಡೋವಾಗ ಸ್ಪೀಕರಲ್ಲಿ ಹಾಕ್ಕೋತೀನಿ, ಆ ಸದ್ದಲ್ಲಿ ಯಾರಿಗೂ ಗೊತ್ತಾಗಲ್ಲ. ದಿನಾ ಒಂದ್ಸಲ ಮುಟ್ಟಿ ನೋಡ್ತೀನಿ."

ಭಾವ ಮತ್ತೆ ಕೈ ಇಟ್ಟು, ಇನ್ನೊಂದು ಸಲ ಹಾಕು ಎಂದು ನನಗೆ ಸನ್ನೆ ಮಾಡಿದರು. ಹಾಕಿದೆ. "ರೀ... ಊಟಕ್ಕೆ..." ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ಭಾವನ ಅಂಗೈ ಸುಮ್ಮನಾದ ಸ್ಪೀಕರಿನ ಮೇಲೆ ಹಾಗೇ ಕಾಯುತ್ತಿತ್ತು.

ಅಕ್ಕ ಸೌಟು ಕೆಳಗಿಟ್ಟಳು. ಆ ಕೈಯನ್ನು ಎತ್ತಿ ತನ್ನ ಗಂಟಲ ಮೇಲೆ ಇಟ್ಟುಕೊಂಡಳು.

"ರೀ... ಊಟಕ್ಕೆ ಬನ್ರೀ..."

ಭಾವ ಅವಳ ತುಟಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡೇ, "ಬಂದೆ ಕಣೇ" ಎಂದರು.